ದೋಣಿ ಎಂಜಿನ್ನಿನ ಟ್ಯಾಂಕ್ ಮತ್ತು ಪೈಪ್: ನಾವೂ ನೋಡಿಕೊಳ್ಳಬಹುದು



ನಮ್ಮ ಕರಾವಳಿಯಲ್ಲಿ ಉಳ್ಳಾಲದಿಂದ ಕಾರವಾರದವರೆಗೆ ನಾಡದೋಣಿಗಳಿವೆ. ಹಿಂದೆ ಹುಟ್ಟು ಹಾಕಿ, ಹಾಯಿ ಕಟ್ಟಿ ಕಡಲಿಗೆ ಹೋಗುತ್ತಿದ್ದರು. ಈಗ ದೋಣಿಯ ಹಿಂಬದಿಗೆ ಸಣ್ಣ ಎಂಜಿನ್ ಸಿಕ್ಕಿಸುತ್ತಾರೆ. ಇದನ್ನು ಔಟ್‌ಬೋರ್ಡ್ ಎಂಜಿನ್ ಅಂತ ಕರೀತಾರೆ.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ಆ ಮಳೆಗಾಲವೇ ನಾಡದೋಣಿಗಳಿಗೆ ದುಡಿಮೆಯ ಕಾಲ. ಕಡಲು ಒರಟಾಗಿರುವುದೂ ಆಗಲೇ. ಅಳಿವೆ ದಾಟುವಾಗ ಎಂಜಿನ್ ನಿಂತರೆ ಏನಾಗುತ್ತೆ? ದೋಣಿ ಅಲೆಗೆ ಅಡ್ಡ ತಿರುಗುತ್ತೆ. ಅಡ್ಡ ತಿರುಗಿದ ದೋಣಿಯನ್ನು ಅಲೆ ಮಗುಚಿ ಹಾಕುತ್ತೆ. ಮೀನು ಹೋಗಲಿ, ಬಲೆ ಹೋಗಲಿ, ಜೀವಕ್ಕೇ ಅಪಾಯ.

"ಎಂಜಿನ್ ಕೆಟ್ಟಿತು" ಅಂತ ಹೇಳ್ತಾರೆ. ಆದರೆ ಎಷ್ಟೋ ಸಲ ಕೆಟ್ಟಿರೋದು ಎಂಜಿನ್ ಅಲ್ಲ. ಎಂಜಿನ್ನಿಗೆ ಇಂಧನ ಸರಿಯಾಗಿ ಸಿಕ್ಕಿರೋದಿಲ್ಲ. ಇಂಧನ ಅಂದರೆ ಉರಿಯುವ ಎಣ್ಣೆ: ಪೆಟ್ರೋಲ್, ಸೀಮೆಎಣ್ಣೆ. ಇಂಧನದ ದಾರಿಯನ್ನು ದಡದಲ್ಲೇ ನೋಡಿಕೊಳ್ಳಬಹುದು. ಅದಕ್ಕೆ ಮೆಕ್ಯಾನಿಕ್ಕೇ ಬೇಕಂತಿಲ್ಲ. ಕಣ್ಣು, ಕೈ, ಮೂಗು ಸಾಕು. ಬನ್ನಿ, ಹೇಗೆ ಅಂತ ತಿಳಿಯೋಣ.

ಇಂಧನದ ದಾರಿ

ಟ್ಯಾಂಕಿನಿಂದ ಒಂದು ರಬ್ಬರ್ ಪೈಪ್ ಎಂಜಿನ್ನಿಗೆ ಹೋಗುತ್ತೆ. ಪೈಪಿನ ನಡುವೆ ಒಂದು ರಬ್ಬರ್ ಉಂಡೆ ಇರುತ್ತೆ. ಬಿ.ಪಿ. ನೋಡುವಾಗ ಡಾಕ್ಟರು ಹಿಚುಕುವ ಉಂಡೆ ನೋಡಿದ್ದೀರಲ್ಲ? ಹಾಗೇ ಇದೂ. ಇದನ್ನು ಬಲ್ಬ್ ಅಂತಾರೆ. ಬಲ್ಬ್ ಮೇಲೆ ಒಂದು ಬಾಣದ ಗುರುತು ಇದೆ. ಬಾಣ ಯಾವಾಗಲೂ ಎಂಜಿನ್ ಕಡೆಗೇ ಇರಬೇಕು. ತಿರುಗಿಸಿ ಹಾಕಿದರೆ ಇಂಧನ ಹೋಗೋದೇ ಇಲ್ಲ. ಎಂಜಿನ್ ಹತ್ತಿರ ಒಂದು ಸೋಸುಕ, ಅಂದರೆ ಫಿಲ್ಟರ್ ಇರುತ್ತೆ.

ನಮ್ಮ ಕಡೆ ಅನೇಕ ಎಂಜಿನ್‌ಗಳನ್ನು ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ಇಂಥ ಎಂಜಿನ್ನನ್ನು ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ಬದಲಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಒಳಗೆ ಸೀಮೆಎಣ್ಣೆ ಉಳಿದರೆ ತಣ್ಣಗಿನ ಎಂಜಿನ್ ಮತ್ತೆ ಹತ್ತೋದು ಕಷ್ಟ.

ಮುಚ್ಚಳದ ಸಣ್ಣ ತಿರುಪು

ಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಸರಾಗ ಸುರಿಯುತ್ತಾ? ಇಲ್ಲ. ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಬೇಕು. ಟ್ಯಾಂಕಿಗೂ ಹಾಗೇ. ಟ್ಯಾಂಕಿನ ಮುಚ್ಚಳದ ಮೇಲೆ ಒಂದು ಸಣ್ಣ ತಿರುಪು ಇದೆ. ಅದು ಗಾಳಿಯ ದಾರಿ. ಎಂಜಿನ್ ಓಡುವಾಗ ಅದು ತೆರೆದಿರಬೇಕು. ಟ್ಯಾಂಕನ್ನು ಹೊತ್ತುಕೊಂಡು ಹೋಗುವಾಗ, ಎತ್ತಿಡುವಾಗ ಮುಚ್ಚಿರಬೇಕು.

ತಿರುಪು ತೆರೆಯಲು ಮರೆತರೆ ಎಂಜಿನ್ ಮೊದಲು ಚೆನ್ನಾಗೇ ಓಡುತ್ತೆ. ಸ್ವಲ್ಪ ದೂರ ಹೋದ ಮೇಲೆ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತೆ. ಎಲ್ಲಿ? ಸರಿಯಾಗಿ ಅಳಿವೆಯಲ್ಲಿ! ಒಂದು ಸಣ್ಣ ತಿರುಪು ಇಷ್ಟು ಮಾಡುತ್ತೆ.

ನೀರೇ ಶತ್ರು

ಸಾರಿನ ಮೇಲೆ ಎಣ್ಣೆ ತೇಲುತ್ತೆ ಅಲ್ವಾ? ಟ್ಯಾಂಕಿನಲ್ಲೂ ನೀರು ಸೇರಿದರೆ ಅದು ತಳದಲ್ಲಿ ನಿಲ್ಲುತ್ತೆ. ಇಂಧನ ಎಳೆಯುವ ಕೊಳವೆಯ ಬಾಯಿಯೂ ತಳದ ಹತ್ತಿರವೇ ಇದೆ. ಹಾಗಾಗಿ ಎಂಜಿನ್ನಿಗೆ ನೀರು ಹೋಗಿಬಿಡುತ್ತೆ.

ನೀರು ಎಲ್ಲಿಂದ ಬರುತ್ತೆ? ಮಳೆಯಲ್ಲಿ ಮುಚ್ಚಳ ತೆರೆದರೆ ಬರುತ್ತೆ. ಒದ್ದೆ ಆಲಿಕೆಯಿಂದ ಬರುತ್ತೆ. ಅಲೆಯ ಸಿಡಿತದಿಂದಲೂ ಬರುತ್ತೆ. ಈಗ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಬೆರೆಸಿರುತ್ತಾರೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತೆ. ನೀರು ಹೆಚ್ಚಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಆದ್ದರಿಂದ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡಬಾರದು. ಬೇಕಾದಷ್ಟೇ ತರಬೇಕು.

ಪರೀಕ್ಷೆ ಸುಲಭ. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಬಾಟಲಿಗೆ ತೆಗೆಯಿರಿ. ಅಲುಗಿಸದೆ ಸ್ವಲ್ಪ ಹೊತ್ತು ಇಡಿ. ಕೆಳಗೆ ಬೇರೆ ಪದರ ಕಂಡರೆ ನೀರಿದೆ ಅಂತ ಅರ್ಥ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತೆ. ಆದರೆ ನೀರು ಬಟ್ಟೆ ದಾಟಿ ಹೋಗುತ್ತೆ. ಇದನ್ನು ಮರೆಯಬೇಡಿ. ಪರೀಕ್ಷೆ ಮುಗಿದ ಕೂಡಲೇ ಆ ಬಾಟಲಿ ಖಾಲಿ ಮಾಡಿ, ಬೇರೆ ಇಡಿ.

ಟ್ಯಾಂಕ್ ತೊಳೆಯುವುದು ಹೇಗೆ?

ಟ್ಯಾಂಕಿಗೆ ಸೋಪುನೀರು ಹಾಕಬೇಡಿ. ಅದೇ ಇಂಧನವನ್ನು ಒಂದಿಷ್ಟು ಹಾಕಿ, ಕುಲುಕಿ, ಹೊರಗೆ ಸುರಿಯಿರಿ. ತುಕ್ಕು, ಮರಳು, ಕಸ ಬರುತ್ತೆ. ಅದು ನಿಲ್ಲುವವರೆಗೆ ಹೀಗೇ ಮಾಡಿ. ಈ ಕೊಳೆ ಎಣ್ಣೆಯನ್ನು ಬಾವಿಯ ಬಳಿ, ಹೊಳೆಗೆ, ಕಡಲಿಗೆ ಚೆಲ್ಲಬೇಡಿ. ಮೀನು ಮರಿಗೆ ಅದು ವಿಷ. ಡಬ್ಬದಲ್ಲಿ ತುಂಬಿ ಮೆಕ್ಯಾನಿಕ್ ಅಂಗಡಿಗೆ ಕೊಡಿ. ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕಿನ ತೂತು ಇದೆಯೇ, ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಬಿರುಕು ಇದೆಯೇ ನೋಡಿ.

ಪೈಪ್ ಮತ್ತು ಬಲ್ಬ್

ಬಿಸಿಲು, ಉಪ್ಪು, ಪೆಟ್ರೋಲ್ ಮೂರೂ ಸೇರಿ ರಬ್ಬರನ್ನು ತಿನ್ನುತ್ತವೆ. ಪೈಪನ್ನು ಉದ್ದಕ್ಕೂ ಬಗ್ಗಿಸಿ ನೋಡಿ. ಸಣ್ಣ ಸೀಳು ಕಂಡರೆ, ಗಟ್ಟಿಯಾಗಿದ್ದರೆ, ಅಂಟಂಟಾಗಿದ್ದರೆ ಬದಲಿಸಿ. "ಸದ್ಯಕ್ಕೆ ಬಟ್ಟೆ ಸುತ್ತೋಣ" ಅನ್ನಬೇಡಿ. ತೋಟಕ್ಕೆ ನೀರು ಬಿಡುವ ಪೈಪ್ ಇದಕ್ಕೆ ಆಗೋದಿಲ್ಲ. ಪೆಟ್ರೋಲ್ ಅದನ್ನು ಕರಗಿಸುತ್ತೆ. ಇಂಧನದ ಪೈಪನ್ನೇ ಕೇಳಿ ತನ್ನಿ. ತಂತಿ ಬಿಗಿದರೆ ಪೈಪ್ ಕುಯ್ದು ಹೋಗುತ್ತೆ. ತುಕ್ಕು ಹಿಡಿಯದ ಕ್ಲಿಪ್ ಹಾಕಿ.

ಪೈಪಿನ ತುದಿಯ ಕೊಂಡಿಯೊಳಗೆ ಒಂದು ರಬ್ಬರ್ ಬಳೆ ಇದೆ. ಅದು ಹರಿದರೆ ಗಾಳಿ ನುಗ್ಗುತ್ತೆ. ಒಂದು ಹೆಚ್ಚಿನ ಬಳೆ ದೋಣಿಯಲ್ಲಿ ಇರಲಿ.

ಈಗ ಬಲ್ಬ್ ಹಿಚುಕಿ. ಅದೇ ನಿಮಗೆ ಹೇಳುತ್ತೆ:

ಕೆಲವು ಸಲ ಹಿಚುಕಿದ ಮೇಲೆ ಗಟ್ಟಿಯಾಯಿತೇ? ದಾರಿ ಸರಿ ಇದೆ.

ಎಷ್ಟು ಹಿಚುಕಿದರೂ ಮೆತ್ತಗೇ ಇದೆಯೇ? ಟ್ಯಾಂಕ್ ಖಾಲಿ ಇರಬಹುದು. ಎಲ್ಲೋ ಗಾಳಿ ಸೇರುತ್ತಿರಬಹುದು. ಇಲ್ಲವೇ ಬಲ್ಬ್ ಕೆಟ್ಟಿರಬಹುದು.

ಎಂಜಿನ್ ಓಡುವಾಗ ಬಲ್ಬ್ ಚಪ್ಪಟೆ ಆಗುತ್ತಿದೆಯೇ? ಟ್ಯಾಂಕ್ ಕಡೆ ದಾರಿ ಕಟ್ಟಿದೆ. ಮೊದಲು ಗಾಳಿಯ ತಿರುಪು ನೋಡಿ. ಆಮೇಲೆ ಪೈಪ್ ಮಡಿಚಿದೆಯೇ, ಅದರ ಮೇಲೆ ಐಸ್ ಪೆಟ್ಟಿಗೆ ಕೂತಿದೆಯೇ ನೋಡಿ.

ಕೊನೆಗೆ ಮೂಗು. ಎಲ್ಲೂ ಸೋರಿಕೆ ಕಾಣದಿದ್ದರೂ ಪೆಟ್ರೋಲ್ ವಾಸನೆ ಬಂದರೆ ಬಿಡಬೇಡಿ, ಹುಡುಕಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಕೂತಿರುತ್ತೆ. ಒಂದು ಬೀಡಿ ಕಿಡಿ ಸಾಕು. ಅದಕ್ಕೇ ಟ್ಯಾಂಕನ್ನು ದೋಣಿಯಿಂದ ಇಳಿಸಿ, ನೆಲದ ಮೇಲಿಟ್ಟು ತುಂಬಿಸಬೇಕು. ಬಾಯಿ ತನಕ ತುಂಬಬಾರದು. ಬಿಸಿಲಿಗೆ ಇಂಧನ ಉಬ್ಬುತ್ತೆ, ಅದಕ್ಕೆ ಜಾಗ ಬಿಡಿ.

ಮನೆಯಲ್ಲಿ ಜೋಪಾನ

ಟ್ಯಾಂಕ್, ಡಬ್ಬಗಳನ್ನು ಅಡಿಗೆಮನೆಯಲ್ಲಿ ಇಡಬೇಡಿ. ಮನೆಯ ಹೊರಗೆ, ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆ, ಪೆಟ್ರೋಲ್ ತುಂಬಿಡಬೇಡಿ. ಬಾಯಾರಿದ ಮಗು ನೀರೆಂದು ಕುಡಿಯುತ್ತೆ. ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ವಾಂತಿ ಮಾಡಿಸಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತೆ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಯಲ್ಲಿ ಪೈಪಿಟ್ಟು ಪೆಟ್ರೋಲ್ ಎಳೆಯುವ ಅಭ್ಯಾಸವೂ ಇದೇ ಕಾರಣಕ್ಕೆ ಕೆಟ್ಟದ್ದು.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಉರಿಯುವ ಎಣ್ಣೆ ನೀರಿನ ಮೇಲೆ ತೇಲಿ ಹರಡುತ್ತೆ. ಮರಳು ಹಾಕಿ.

"ಇದೆಲ್ಲ ಗಂಡಸರ ಕೆಲಸ ಅಲ್ವಾ?" ಅಂತ ನೀವು ಕೇಳಬಹುದು. ಮೀನು ಮಾರಿ ಎಣ್ಣೆಗೆ ದುಡ್ಡು ಹೊಂದಿಸೋರು ಯಾರು? ದಡದಲ್ಲಿ ನಿಂತು ದೋಣಿಯ ದಾರಿ ಕಾಯೋರು ಯಾರು? ನಾವೇ ಅಲ್ಲವೇ? ಹಾಗಾದರೆ ಟ್ಯಾಂಕನ್ನೂ ನಾವು ನೋಡೋಣ. ಇಬ್ಬರು ನೋಡಿದರೆ ಮರೆವು ಕಡಿಮೆ.

ನೆನಪಿಡಿ: ದೋಣಿ ಇಳಿಯುವ ಮುಂಚೆ

1. ಟ್ಯಾಂಕಿನಲ್ಲಿ ಹೋಗಿ ಬರಲು ಸಾಕಾಗಿ, ಇನ್ನೂ ಮಿಗುವಷ್ಟು ಇಂಧನ ಇದೆಯೇ?
2. ತಳದಲ್ಲಿ ನೀರು ಇಲ್ಲ ತಾನೇ?
3. ಗಾಳಿಯ ತಿರುಪು ತೆರೆದಿದೆಯೇ?
4. ಬಾಣ ಎಂಜಿನ್ ಕಡೆಗಿದೆಯೇ?
5. ಬಲ್ಬ್ ಗಟ್ಟಿಯಾಯಿತೇ?
6. ಎಲ್ಲಾದರೂ ಸೋರಿಕೆ, ವಾಸನೆ ಇದೆಯೇ?
7. ಹುಟ್ಟು, ಲಂಗರು, ಲೈಫ್ ಜಾಕೆಟ್ ದೋಣಿಯಲ್ಲಿ ಇವೆಯೇ?
8. ಕಡಲಿನಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್ ಫೋನ್ ನಂಬರ್ 1554. ಮೊಬೈಲಿನಲ್ಲಿ ಬರೆದಿಟ್ಟಿದ್ದಾರೆಯೇ?

ನಿಮ್ಮ ಪುಸ್ತಕದಲ್ಲಿ ಬರೆಯಿರಿ

ಟ್ಯಾಂಕ್ ತೊಳೆದ ದಿನ: ____________
ಪೈಪ್ ಬದಲಿಸಿದ ದಿನ: ____________
ಫಿಲ್ಟರ್ ನೋಡಿದ ದಿನ: ____________
ತಂದ ಪೆಟ್ರೋಲ್: ______ ಲೀಟರ್, ತಂದ ದಿನ: ____________
ತಂದ ಸೀಮೆಎಣ್ಣೆ: ______ ಲೀಟರ್, ತಂದ ದಿನ: ____________