ಹಳೆಯ ಕಾರು ಕೈಕೊಟ್ಟರೆ ದಾರಿ ಯಾವುದು?

ಮಿರಜ ತಾಲೂಕಿನ ಗಡಿ ಊರು ಆರಗ. ಅಲ್ಲಿನ ಕನ್ನಡ ಕುಟುಂಬವೊಂದು ಚಿಕ್ಕೋಡಿ ನೋಂದಣಿಯ ಹಳೆಯ ಕಾರನ್ನು ಪರಿಚಿತರಿಂದ ಕೊಂಡಿತೆನ್ನೋಣ. ತಿಂಗಳೊಳಗೆ ಎಂಜಿನ್ ಕೆಟ್ಟರೆ ಗತಿಯೇನು?

ಗ್ರಾಹಕ ಆಯೋಗದ ಬಾಗಿಲು ಇಲ್ಲಿ ತೆರೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರಿಗೆ ಅನ್ವಯಿಸುತ್ತದೆ, ಸ್ವಂತ ಕಾರು ಮಾರಿದ ಗೃಹಸ್ಥನಿಗಲ್ಲ. 1930ರ ಸರಕು ಮಾರಾಟ ಕಾಯ್ದೆಯೂ ಪರೀಕ್ಷಿಸಿ ಕೊಳ್ಳುವ ಹೊಣೆಯನ್ನು ಸಾಮಾನ್ಯವಾಗಿ ಕೊಳ್ಳುವವನ ತಲೆಗೇ ಕಟ್ಟುತ್ತದೆ. ಆದರೆ ಮಾರಿದವನಿಗೆ ಮಾಲಕತ್ವವೇ ಇರದಿದ್ದರೆ ಹಣ ಹಿಂದೆ ಕೇಳಬಹುದು.

ಅಪಘಾತವಾದ ಕಾರನ್ನು ಆಗಿಲ್ಲವೆಂದು ಸುಳ್ಳು ಹೇಳಿ, ಇಲ್ಲವೆ ಮೀಟರ್ ತಿರುಗಿಸಿ ಮಾರಿದ್ದರೆ ಅದು 1872ರ ಕರಾರು ಕಾಯ್ದೆಯಂತೆ ವಂಚನೆ. ಮೆಕ್ಯಾನಿಕನಿಂದ ಲಿಖಿತ ವರದಿ ಪಡೆದು, ವಕೀಲರ ಮೂಲಕ ನೋಟೀಸು ಕಳುಹಿಸಿ, ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ವಂಚನೆ ತಿಳಿದಂದಿನಿಂದ 3 ವರ್ಷ ಅವಧಿ ಇದೆ.

ಬೇರೆ ರಾಜ್ಯದ ಕಾರಿಗೆ ನಿರಾಕ್ಷೇಪಣಾ ಪತ್ರ ಬೇಕು. ಕೊಂಡವನು 30 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ತಡವಾದರೆ ಮಾರಿದವನಿಗೂ ಅಪಾಯ: ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಕರಾರು ಮರಾಠಿಯಲ್ಲೇ ಇರಬೇಕೆಂದಿಲ್ಲ. ಕನ್ನಡದ ಪತ್ರವೂ ಸಿಂಧು. ಓದಲು ಬಾರದ ಕಾಗದಕ್ಕೆ ಸಹಿ ಹಾಕಬಾರದು. ಮಲಯಾಳದ ಕಾಗದ ಎದುರಿಗಿಟ್ಟುಕೊಳ್ಳುವ ನಮಗೂ ಇದೇ ಮಾತು.