ಐಸ್‌ಲ್ಯಾಂಡ್: ಪ್ರಕೃತಿಯೇ ಮೂಲ ಬಂಡವಾಳ

ಉತ್ತರ ಅಟ್ಲಾಂಟಿಕ್ ಮಹಾಸಾಗರದ ದ್ವೀಪರಾಷ್ಟ್ರವಾದ ಐಸ್‌ಲ್ಯಾಂಡ್ ಬಹುಕಾಲ ಮೀನುಗಾರಿಕೆಯನ್ನೇ ನೆಚ್ಚಿ ಬಾಳಿದ ದೇಶ. ಇದರ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರ್. ಜನಸಂಖ್ಯೆ 4 ಲಕ್ಷಕ್ಕಿಂತ ಕಡಿಮೆ. 2008ರ ಅಕ್ಟೋಬರ್‌ನಲ್ಲಿ ಇಲ್ಲಿನ ಮೂರು ಪ್ರಮುಖ ಬ್ಯಾಂಕುಗಳು ಕೆಲವೇ ದಿನಗಳ ಅಂತರದಲ್ಲಿ ಕುಸಿದು, ದೇಶದ ಅರ್ಥವ್ಯವಸ್ಥೆಯೇ ತತ್ತರಿಸಿತು. ಆ ಬಳಿಕ ಆಸರೆಯಾದುದು ಯಾವ ಲೆಕ್ಕಪುಸ್ತಕದಲ್ಲಿಯೂ ನಮೂದಾಗದಿದ್ದ ಆಸ್ತಿ: ಜಲಪಾತ, ಬಿಸಿನೀರಿನ ಬುಗ್ಗೆ, ಹಿಮನದಿ, ಜ್ವಾಲಾಮುಖಿ. 2010ರಲ್ಲಿ 5 ಲಕ್ಷದಷ್ಟಿದ್ದ ವಿದೇಶಿ ಪ್ರವಾಸಿಗರ ಸಂಖ್ಯೆ 2018ರ ವೇಳೆಗೆ 23 ಲಕ್ಷ ಮುಟ್ಟಿತು. 2013ರಲ್ಲಿಯೇ ವಿದೇಶಿ ವಿನಿಮಯದ ಗಳಿಕೆಯಲ್ಲಿ ಪ್ರವಾಸೋದ್ಯಮವು ಮೀನುಗಾರಿಕೆಯನ್ನು ಹಿಂದಿಕ್ಕಿತ್ತು.

ಸುವರ್ಣ ವರ್ತುಲ

ರಾಜಧಾನಿ ರೇಕ್ಯಾವಿಕ್‌ನಿಂದ ಒಂದೇ ದಿನದಲ್ಲಿ ನೋಡಿ ಮರಳಬಹುದಾದ ಮೂರು ತಾಣಗಳ ಮಾರ್ಗಕ್ಕೆ ‘ಸುವರ್ಣ ವರ್ತುಲ’ವೆಂದು ಹೆಸರು. ಮೊದಲನೆಯದು ಥಿಂಗ್‌ವೆಟ್ಲಿರ್. ಕ್ರಿ.ಶ. 930ರಲ್ಲಿ ನಾಡಿನ ಸಂಸತ್ತು ಬಯಲಿನಲ್ಲಿ ಸಭೆ ಸೇರಿದ ಸ್ಥಳವಿದು. ಉತ್ತರ ಅಮೆರಿಕ ಹಾಗೂ ಯುರೇಷಿಯ ಭೂಫಲಕಗಳು ಪರಸ್ಪರ ದೂರ ಸರಿಯುತ್ತಿರುವುದರಿಂದ ಉಂಟಾದ ಬಿರುಕುಗಳನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಎರಡನೆಯದು ಗೇಸಿರ್. ನಮ್ಮ ಸ್ನಾನಗೃಹಗಳಲ್ಲಿರುವ ‘ಗೀಸರ್’ ಹೆಸರು ಪಡೆದುದು ಈ ಬುಗ್ಗೆಯಿಂದಲೇ. ಅದು ಈಗ ಅಪರೂಪಕ್ಕೆ ಮಾತ್ರ ಚಿಮ್ಮುತ್ತದೆ. ಆದರೆ ಪಕ್ಕದ ಸ್ಟ್ರೊಕ್ಕುರ್ ಬುಗ್ಗೆಯು ಕೆಲವು ನಿಮಿಷಗಳಿಗೊಮ್ಮೆ ಕುದಿನೀರನ್ನು 15–20 ಮೀಟರ್ ಎತ್ತರಕ್ಕೆ ಚಿಮ್ಮಿಸುತ್ತದೆ.

ಮೂರನೆಯದಾದ ಗುಲ್‌ಫಾಸ್ ಜಲಪಾತವು ಎರಡು ಹಂತಗಳಲ್ಲಿ 32 ಮೀಟರ್ ಆಳಕ್ಕೆ ಧುಮುಕುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಹೂಡಿಕೆದಾರರು ಜಲವಿದ್ಯುತ್ತಿಗಾಗಿ ಇದರ ಮೇಲೆ ಕಣ್ಣಿಟ್ಟಿದ್ದರು. ಸಮೀಪದ ರೈತ ಕುಟುಂಬದ ಸಿಗ್ರಿದುರ್ ತೋಮಸ್‌ದೋತ್ತಿರ್ ಎಂಬ ಮಹಿಳೆ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ನ್ಯಾಯಾಲಯದಲ್ಲಿ ಅವರಿಗೆ ಜಯ ದೊರೆಯಲಿಲ್ಲ; ಆದರೂ ಯೋಜನೆ ಕೈಗೂಡಲಿಲ್ಲ. 1979ರಲ್ಲಿ ಜಲಪಾತವು ಸಂರಕ್ಷಿತ ಪ್ರದೇಶವಾಯಿತು. ಅಂದು ಬಳಸದೆ ಉಳಿದ ನೀರು ಇಂದು ಸಾವಿರಾರು ಮಂದಿಯ ಜೀವನೋಪಾಯಕ್ಕೆ ಆಧಾರವಾಗಿದೆ.

ತ್ಯಾಜ್ಯದಿಂದ ಆದಾಯ

ಪ್ರಸಿದ್ಧ ‘ನೀಲಿ ಸರೋವರ’ (ಬ್ಲೂ ಲಗೂನ್) ನಿಸರ್ಗದ ಕೊಡುಗೆಯೇ ಅಲ್ಲವೆಂಬ ಸಂಗತಿ ಸಣ್ಣ ಉದ್ದಿಮೆದಾರರ ಗಮನಕ್ಕೆ ಅರ್ಹವಾದುದು. 1976ರಲ್ಲಿ ಸ್ಥಾಪನೆಗೊಂಡ ಸ್ವಾರ್ಟ್ಸ್‌ಎಂಗಿ ಭೂಶಾಖ ವಿದ್ಯುದಾಗಾರವು ಬಳಸಿ ಹೊರಬಿಟ್ಟ ನೀರು ಲಾವಾ ನೆಲದಲ್ಲಿ ಇಂಗಿಹೋಗಬೇಕಿತ್ತು. ಅದರಲ್ಲಿದ್ದ ಸಿಲಿಕಾ ನೆಲದ ರಂಧ್ರಗಳನ್ನು ಮುಚ್ಚಿದ್ದರಿಂದ ನೀರು ಅಲ್ಲಿಯೇ ನಿಂತಿತು. ಅದರಲ್ಲಿ ಮಿಂದವರಿಗೆ ಚರ್ಮರೋಗದಲ್ಲಿ ಉಪಶಮನ ಕಂಡುಬಂದಿತು. 1987ರಲ್ಲಿ ಸಾರ್ವಜನಿಕ ಸ್ನಾನಘಟ್ಟವೇ ತೆರೆಯಿತು.

ಸವಕಳಿಯ ಲೆಕ್ಕ

ಈ ಆಸ್ತಿಗೂ ಸವಕಳಿ ಉಂಟು. ಫ್ಯಾದ್ರಾರ್‌ಗ್ಲ್ಯೂಫುರ್ ಕಣಿವೆಯು ಗಾಯಕರೊಬ್ಬರ ವಿಡಿಯೊದಲ್ಲಿ ಕಾಣಿಸಿಕೊಂಡ ಬಳಿಕ ಜನಸಂದಣಿ ಹೆಚ್ಚಿ, ಪಾಚಿಯ ಹಾಸು ತುಳಿತಕ್ಕೆ ಸಿಕ್ಕಿತು. 2019ರಲ್ಲಿ ಕಣಿವೆಯನ್ನು ಕೆಲಕಾಲ ಮುಚ್ಚಬೇಕಾಯಿತು. ನೀರ್ಗಲ್ಲುಗಳು ತೇಲುವ ಯೋಕುಲ್ಸಾರ್ಲೋನ್ ಸರೋವರವು ಹಿಮನದಿ ಹಿಂದೆ ಸರಿದುದರಿಂದಲೇ ಮೂಡಿದ್ದು. ಹಿಮ ಕರಗಿದಂತೆ ಅದು ವಿಸ್ತಾರಗೊಳ್ಳುತ್ತಿದೆ. 2023ರ ನವೆಂಬರ್‌ನಲ್ಲಿ ಜ್ವಾಲಾಮುಖಿಯ ಭೀತಿಯಿಂದ ಗ್ರಿಂದಾವಿಕ್ ಪಟ್ಟಣವನ್ನು ತೆರವುಗೊಳಿಸಲಾಯಿತು. ಅದರ ಸಮೀಪದ ನೀಲಿ ಸರೋವರವೂ ಅಂದಿನಿಂದ ಹಲವು ಬಾರಿ ಬಾಗಿಲು ಮುಚ್ಚಬೇಕಾಯಿತು.

ಕೋವಿಡ್ ಕಾಲದಲ್ಲಿ ತಡೆಹಿಡಿದಿದ್ದ ವಸತಿ ತೆರಿಗೆಯನ್ನು ಸರ್ಕಾರವು 2024ರಲ್ಲಿ ಮತ್ತೆ ಜಾರಿಗೆ ತಂದಿತು. ಅನೇಕ ತಾಣಗಳಲ್ಲಿ ವಾಹನ ನಿಲುಗಡೆ ಶುಲ್ಕವೂ ಇದೆ. ಇವುಗಳಿಂದ ಪ್ರವಾಸಿಯ ವೆಚ್ಚ ಏರುವುದು ನಿಜ. ಅಲ್ಲಿಗೆ ತೆರಳುವ ಭಾರತೀಯರು ಷೆಂಗೆನ್ ವೀಸಾ ಪಡೆಯಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಹಗಲು ದೀರ್ಘವಾದರೆ, ಉತ್ತರ ಧ್ರುವಪ್ರಭೆಯ ದರ್ಶನಕ್ಕೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಕತ್ತಲ ರಾತ್ರಿಗಳು ಸೂಕ್ತ.

ಯಂತ್ರ ಸವೆದರೆ ಹೊಸದನ್ನು ಕೊಳ್ಳಬಹುದು. ಜಲಪಾತವನ್ನಾಗಲಿ ಹಿಮನದಿಯನ್ನಾಗಲಿ ಕೊಳ್ಳಲಾಗದು. ಆದಕಾರಣ ಲಾಭವನ್ನು ಎಣಿಸುವ ಮುನ್ನ ರಕ್ಷಣೆಯ ವೆಚ್ಚವನ್ನು ತೆಗೆದಿರಿಸುವುದು ಇಂತಹ ವ್ಯವಹಾರದಲ್ಲಿ ಔದಾರ್ಯವಲ್ಲ, ಮೂಲಧನ ಉಳಿಸಿಕೊಳ್ಳುವ ಸಾಮಾನ್ಯ ವಿವೇಕ.