ಟೋಕಿಯೊ ಮಳೆಗಾಲದಲ್ಲಿ ಬಟ್ಟೆ ಒಣಗೋದು ಹೀಗೆ

ಟೋಕಿಯೊದಲ್ಲಿ ಜೂನ್ ಬಂತೆಂದರೆ ‘ತ್ಸುಯು’. ಜುಲೈ ಮಧ್ಯದವರೆಗೂ ಮೋಡ, ಜಿಟಿಜಿಟಿ ಮಳೆ. ಡ್ರೈಯರ್ ಇಲ್ಲದ ಪುಟ್ಟ ಮನೆಗಳಲ್ಲಿ ಕೋಣೆಯೊಳಗೇ ಬಟ್ಟೆ ಒಣಹಾಕ್ತಾರೆ, ಅದೇ ‘ಹೆಯಾಬೋಶಿ’.

ಹೀಗೆ ಒಣಗಿಸಿದ ಬಟ್ಟೆಯ ಮುಗ್ಗಲು ವಾಸನೆಗೆ ಮಳೆಯನ್ನು ಬೈಯಬೇಡಿ. ಒಗೆದ ಮೇಲೂ ಬಟ್ಟೆಯಲ್ಲಿ ಉಳಿಯೋ ಮೊರಾಕ್ಸೆಲ್ಲಾ ಅನ್ನೋ ಬ್ಯಾಕ್ಟೀರಿಯಾ, ಒದ್ದೆ ಇರುವಷ್ಟು ಹೊತ್ತೂ ಬೆಳೆಯುತ್ತೆ. ಅದಕ್ಕೇ ಬೇಗ ಒಣಗಬೇಕು.

ಇನ್ನೊಂದು ಸಲ ಸ್ಪಿನ್ ಹಾಕಿ. ಗೋಡೆಗೆ ಒತ್ತಿ ಹರವಬೇಡಿ. ಎರಡು ಬಟ್ಟೆಗಳ ನಡುವೆ ಒಂದು ಮುಷ್ಟಿಯಷ್ಟು ಜಾಗ ಬಿಡಿ. ಉದ್ದದವು ಎರಡೂ ತುದಿಗೆ, ಗಿಡ್ಡದವು ಮಧ್ಯಕ್ಕೆ, ಕಮಾನಿನ ಹಾಗೆ. ಕೆಳಗಿಂದ ಫ್ಯಾನ್ ಗಾಳಿ ಬಿಡಿ. ನನಗಂತೂ ಇದೇ ಎಲ್ಲಕ್ಕಿಂತ ಒಳ್ಳೇ ಉಪಾಯ.

ಏಸಿ ಇದ್ದರೆ ಡ್ರೈ ಮೋಡ್. ಕೋಣೆಯ ತೇವ ನೀರಾಗಿ ಪೈಪಿನಲ್ಲಿ ಹೊರಗೆ ಹೋಗುತ್ತೆ.

ಜೀನ್ಸ್? ಒಳಮೈ ಹೊರಗೆ ಮಾಡಿ, ಸೊಂಟ ಅಗಲಿಸಿ ತೂಗುಹಾಕಿ. ಜೇಬು ಮೊದಲು ಒಣಗಲಿ.